ಇದು ಬಿಲ್ಲಲ್ಲ

ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ, ಮೆಕ್ಕೆಜೋಳದ ಕಣಜದೆದುರು
ಎರಡೇ ಕೋಣೆಯ ದವಾಖಾನೆ.
ಲೆಕ್ಕ ಬರೆಯುವವಳು ವರ್ನಾ ಟಿಲ್‌ಮನ್.
ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು
ಇದು ನಲವತ್ತೆರಡನೆಯ ನಿಮಿಷ.
ಆ ಕಡೆ ಪಿಟೀಲು. ನಡುನಡುವೆ ಒಂದು ಹೆಣ್ಣುದನಿ:
ನಿಮ್ಮ ಕರೆ ನಮಗೆ ಅಮೂಲ್ಯ.

ಅಮೂಲ್ಯವೇ ಸರಿ.
ಮೂಲ್ಯ ಕೊಟ್ಟವರು ಯಾರೂ ಇಲ್ಲ.

ಆರ್ವಿಡ್ ಸೋಡರ್‌ಸ್ಟ್ರಮ್ ಏಣಿಯಿಂದ ಬಿದ್ದದ್ದು
ಹೋದ ವರ್ಷ, ಮಾರ್ಚಿನಲ್ಲಿ, ಹಿಮ ಇನ್ನೂ ಕರಗದ ದಿನ.
ಡಾಕ್ಟರು ಮಣಿಕಟ್ಟು ಎಳೆದು ಕೂಡಿಸಿ ಪಟ್ಟಿ ಹಾಕಲು
ಒಂದು ಗಂಟೆಯೂ ಹಿಡಿಯಲಿಲ್ಲ.
ಮೂಳೆ ಆರು ವಾರಕ್ಕೆ ಕೂಡಿತು.
ಕಾಗದ ಇನ್ನೂ ಕೂಡಿಲ್ಲ.

ಮೊದಲು ಬಂತು: ಕೋಡ್ ತಪ್ಪಿದೆ.
ತಿದ್ದಿ ಕಳಿಸಿದಳು. ಎಡಗೈಯೋ ಬಲಗೈಯೋ ತಿಳಿಸಿಲ್ಲ.
ತಿಳಿಸಿದಳು. ಮುಂಚಿತವಾಗಿ ಅನುಮತಿ ಪಡೆದಿಲ್ಲ.
ಮುಂಚಿತವಾಗಿ ಅಂದರೆ, ಬೀಳುವ ಮುಂಚೆಯೇ?
ನರ್ಸಿಗೂ ಓದಿ ಹೇಳಿ ಇಬ್ಬರೂ ನಕ್ಕರು,
ನಗು ನಿಂತ ಮೇಲೆ
ಮತ್ತೆ ಫ್ಯಾಕ್ಸಿನ ಬಾಯಿಗೆ ಹಾಳೆ ತುರುಕಿದಳು.
ಆಮೇಲೆ: ಫ್ಯಾಕ್ಸ್ ತಲುಪಿಲ್ಲ.
ಆಮೇಲೆ: ತಲುಪಿದೆ, ಗಡುವು ಮೀರಿದೆ.

ಈ ನಡುವೆ ಆರ್ವಿಡನ ಮನೆಗೂ ಒಂದು ಲಕೋಟೆ.
ಮೇಲೆ ದಪ್ಪಕ್ಷರ: ಇದು ಬಿಲ್ಲಲ್ಲ.
ಕೆಳಗೆ ಸಣ್ಣಕ್ಷರ: ನೀವು ಕೊಡಬೇಕಾಗಬಹುದಾದ ಮೊತ್ತ
ಎರಡು ಸಾವಿರದ ನೂರಾ ಹದಿನೆಂಟು ಡಾಲರು.
ಬಿಲ್ಲಲ್ಲವಂತೆ. ಇರಬಹುದು.
ಬಿಲ್ಲು ಎಲ್ಲಿದೆಯೋ, ಹೆದೆ ಎಳೆದವರಾರೋ, ಕಂಡವರಿಲ್ಲ.
ಬಾಣ ಮಾತ್ರ ಅಡುಗೆಮನೆಯ ಮೇಜಿಗೆ ಬಂದು ನಾಟಿದೆ
ಉಪ್ಪಿನ ಡಬ್ಬಿಯ ಪಕ್ಕ.

ಇವತ್ತು ಬಂದಿದ್ದ. ಟೋಪಿ ಕೈಯಲ್ಲಿ.
ಜನ್ಮದಲ್ಲಿ ಯಾರ ಬಾಕಿಯನ್ನೂ ಇಟ್ಟುಕೊಳ್ಳದವ
ಹದಿನೆಂಟು ಮೊಟ್ಟೆ ಕೌಂಟರಿನ ಮೇಲಿಟ್ಟು
"ಸದ್ಯಕ್ಕೆ ಇದು" ಎಂದ, ತಲೆ ಎತ್ತದೆ.
ಬಾಕಿ ನಿನ್ನದಲ್ಲ ಮಾರಾಯ, ಎನ್ನಬೇಕೆಂದರೆ
ಅದು ಯಾರದೆಂದು ಅವಳಿಗಾದರೂ ಗೊತ್ತಿರಬೇಕಲ್ಲ.

ಒಳಗೆ ಡಾಕ್ಟರು ಸಂಬಳದ ಚೆಕ್ಕುಗಳಿಗೆ
ಈ ತಿಂಗಳೂ ಮುಂದಿನ ತಾರೀಖು ಹಾಕಿದ್ದಾರೆ.
ಯಾರೂ ಮಾತೆತ್ತಿಲ್ಲ.

ಪಿಟೀಲು ನಿಂತಿತು. ಉಸಿರಿರುವ ದನಿ.
ಅದರ ಹಿಂದೆ ಎಲ್ಲೋ ಒಂದು ಕೂಸಿನ ಅಳು.
"ಹೇಳಿ ಮೇಡಂ, ರೋಗಿಯ ಹುಟ್ಟಿದ ದಿನ?"
ಹೇಳಿದಳು. ಬಾಯಿಪಾಠ. ಹೆತ್ತ ಮಕ್ಕಳದಕ್ಕಿಂತ
ಮೊದಲು ನಾಲಿಗೆಗೆ ಬರುತ್ತದೆ.
"ಎಡಗೈಯೋ, ಬಲಗೈಯೋ?"

ಕಿಟಕಿಯಾಚೆ ಆರ್ವಿಡ್ ಪಿಕಪ್ಪಿನ ಬಾಗಿಲು ತೆಗೆಯುತ್ತಿದ್ದ.
ಯಾವ ಕೈಯೆಂದು ನೋಡಲು
ವರ್ನಾ, ಫೋನಿನ ತಂತಿ ಬಿಟ್ಟಷ್ಟು,
ಕುರ್ಚಿಯಿಂದ ಅರ್ಧ ಎದ್ದಳು.