ದಣಿವಿಗೆ ಶೇಕಡಾ ನಾಲ್ಕು

ವಾರಕ್ಕೆ ಮೂರು ಸಂಜೆ, ಆರೂವರೆಗೆ,
ಕುಶಾಲನಗರದ ಪಾಲಿಟೆಕ್ನಿಕ್ಕಿನ ಮೇಲ್ಮಹಡಿಯಲ್ಲಿ
ಹನ್ನೊಂದು ಮಂದಿ ಎಂಜಿನಿಯರುಗಳು ಮತ್ತೆ ಬೆಂಚಿನ ಮೇಲೆ.
ಹಾರಂಗಿ ಪವರ್‌ಹೌಸಿನ ನಂಜಪ್ಪ, ಊಟದ ಡಬ್ಬಿ ಕಾಲಡಿ;
ಪ್ಲೈವುಡ್ಡಿನ ಲಾರೆನ್ಸ್, ಉಗುರಿನ ಸಂದಿಯಲ್ಲಿ ಅಂಟು;
ಹಾಜರಿ ಕೂಗುವ ಮೊದಲೇ ತೂಕಡಿಸುವ ಬಸ್ ಡಿಪೋದ ಅಶ್ರಫ್;
ನಾನು, ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸು, ಮೇಂಟೆನೆನ್ಸು,
ಎಷ್ಟು ಕೊಡವಿದರೂ ತಲೆಯಲ್ಲಿ ಹೊಟ್ಟು.

ಆನೆಕಾಡಿನ ರಸ್ತೆಗೆ ಸಲಗ ಇಳಿದ ದಿನ
ಸರದಿ ಸಿದ್ಧಾಂತ ತಾನಾಗಿ ಅರ್ಥವಾಯಿತು:
ನಲವತ್ತು ವಾಹನ, ಒಂದೇ ಕೌಂಟರು,
ಅದರಲ್ಲಿ ಕೂತವನಿಗೆ ಅವಸರವಿಲ್ಲ.

ಮೇಷ್ಟ್ರು ಬೋರ್ಡಿನಲ್ಲಿ ಒಂದು ಸೀಸೆ ಬರೆದರು.
ಕತ್ತು ಎಲ್ಲಿದೆಯೋ ನಿಮ್ಮ ಕಾರ್ಖಾನೆ ಅಲ್ಲಿದೆ,
ಮಿಕ್ಕಿದ್ದೆಲ್ಲ ಬರೀ ಹೊಟ್ಟೆ, ಅಂದರು.
ನಮ್ಮ ಹಲ್ಲರು ಗಂಟೆಗೆ ಎರಡು ಟನ್ ನುಂಗುತ್ತದೆ,
ಜರಡಿಗಳು ಎ, ಬಿ, ಪೀಬರಿ ಎಂದು ಜಾತಿ ವಿಂಗಡಿಸುತ್ತವೆ,
ಕೊನೆಗೆ ಎಲ್ಲ ಬಂದು ನಿಲ್ಲುವುದು
ಕಪ್ಪು ಬೀಜ ಆರಿಸುವ ಹೆಂಗಸರ ಮುಂದೆ.
ನನ್ನ ಪ್ರಾಜೆಕ್ಟ್ ಸಿಕ್ಕಿತು. ಮ್ಯಾನೇಜರಿಗೂ ಖುಷಿ:
ಬಣ್ಣ ಗುರುತಿಸುವ ಯಂತ್ರ ತರಿಸಲು ಅವರಿಗೆ
ಒಂದು ದಪ್ಪ ವರದಿ ಬೇಕಿತ್ತು.

ಹನ್ನೆರಡನೇ ಮೇಜು, ಕಿಟಕಿ ಕಡೆಯ ತುದಿ, ಬೀಪಾತುಮ್ಮ.
ಸ್ಟಾಪ್‌ವಾಚು ಕಂಡ ಕೈ ನಿಧಾನವಾಗುತ್ತದೆ ಎಂದಿತ್ತು ಪುಸ್ತಕ.
ಇವರ ಕೈ, ನೆಂಟರು ಬಂದ ಮನೆಯ ಹಾಗೆ,
ಇನ್ನೂ ಚುರುಕಾಯಿತು.
ಬೆರಳು ಹೋಗಿ ಬೀಜ ಹೆಕ್ಕಿ ಬರಲು ಒಂದು ಸೆಕೆಂಡೂ ಇಲ್ಲ;
ನನ್ನ ಹೆಬ್ಬೆರಳೇ ತಡ.
"ಪರೀಕ್ಷೆ ನಿನಗಾ ನನಗಾ, ಮೋಳೇ?"

ಕೋಷ್ಟಕ ಓದಿ ಹೇಳಿದೆ:
ಸ್ವಂತ ಅಗತ್ಯಕ್ಕೆ ಗಂಡಸಿಗೆ ಐದು, ಹೆಂಗಸಿಗೆ ಏಳು,
ದಣಿವಿಗೆ ಶೇಕಡಾ ನಾಲ್ಕು.
"ಯಾವ ದಣಿವಿಗೆ? ಬೆಳಗಿನದಕ್ಕಾ, ಸಂಜೆ ನಾಲ್ಕರದಕ್ಕಾ?"
ಎಂಟು ಗಂಟೆಗೆ ಒಟ್ಟು, ಲೆಕ್ಕ ಹಾಕಿದೆ,
ಹತ್ತೊಂಬತ್ತು ನಿಮಿಷ, ಹನ್ನೆರಡು ಸೆಕೆಂಡು.
"ಆ ಹನ್ನೆರಡು ನೀನೇ ಇಟ್ಟುಕೋ,
ಕ್ಲಾಸಿಗೆ ಓಡುವಾಗ ಬೇಕಾಗ್ತದೆ."

ಒಂಬತ್ತು ದಿನ ಅಳೆದ ಮೇಲೆ ಹಾಳೆ ಬೇರೆಯೇ ಹೇಳಿತು.
ಕೈಗಳು ತಡವಲ್ಲ. ಮೇಜಿಗೆ ಬೀಜ ಏರಿಸುವ
ಎಲಿವೇಟರಿನ ಬೆಲ್ಟು ಜಾರುತ್ತದೆ, ದಿನಕ್ಕೆ ಐವತ್ತು ನಿಮಿಷ.
ಬೆಲ್ಟು ನನ್ನ ಇಲಾಖೆ.
ಸೀಸೆಯ ಕತ್ತು ಹುಡುಕುತ್ತ ಹೋಗಿ
ನನ್ನ ಕತ್ತನ್ನೇ ಮುಟ್ಟಿ ನೋಡಿಕೊಂಡೆ.

ಭಾನುವಾರ ಒಬ್ಬಳೇ ಹೋಗಿ ಬಿಗಿದೆ.
ಗ್ರೀಸು ಮೊಣಕೈವರೆಗೆ. ಯಂತ್ರ ಬೇಡ, ಮುನ್ನೂರು ರೂಪಾಯಿಯ
ಪುಲ್ಲಿ ಸಾಕೆಂದು ಬರೆದೆ; ಎಷ್ಟೋ ವರ್ಷದ ಮೇಲೆ
ಎಂಜಿನಿಯರ್ ಅನ್ನಿಸಿತು.

ಮಂಗಳವಾರ ಬೀಪಾತುಮ್ಮ ತಲೆ ಎತ್ತಲಿಲ್ಲ.
ಎತ್ತಲು ಬೀಜ ಬಿಡಬೇಕಲ್ಲ.
"ನೀನು ಓದಿದ್ದು ಜಾಸ್ತಿಯಾಯ್ತು.
ಅದು ಜಾರಿದಾಗ ತಾನೇ ನಾವು ಕಾಲು ಚಾಚುತ್ತಿದ್ದದ್ದು."
ಪಕ್ಕದವಳು ನಕ್ಕಳು, ಕೈ ನಿಲ್ಲಿಸದೆ.

ಐವತ್ತು ನಿಮಿಷ. ನಾನೂರ ಎಂಬತ್ತರಲ್ಲಿ
ಹತ್ತೂವರೆ ಹತ್ತಿರ ಹತ್ತಿರ.
ಆರನೇ ಅಧ್ಯಾಯದಲ್ಲಿ ನಾಲ್ಕನ್ನು ಹೊಡೆದು ಹಾಕಿ
ಹತ್ತೂವರೆ ಎಂದು ತುಂಬಿದೆ.

ಮೇಷ್ಟ್ರು ಕನ್ನಡಕ ಮೇಲೇರಿಸಿದರು: ಆಧಾರ?
ಹೆಸರು ಹೇಳಿದೆ. ಬರೆದುಕೊಳ್ಳುವವರ ಹಾಗೆ ಪೆನ್ನು ತೆಗೆದರು,
ಪ್ರಕಟವಾದ ವರ್ಷ ಕೇಳಿದರು, ಪುಟ ಕೇಳಿದರು.
ಹನ್ನೆರಡನೇ ಮೇಜು, ಅಂದೆ.
ಅವರು ಬಹಳ ಹೊತ್ತು ಹತ್ತೂವರೆಯನ್ನೇ ನೋಡಿದರು;
ಅಂಕ ಕೊಡಲಿಲ್ಲ, ಹೊಡೆದೂ ಹಾಕಲಿಲ್ಲ.

ಒಂಬತ್ತಾಯಿತು. ಕೆಳಗೆ ಕಾವಲುಗಾರ ಬೀಗ ಆಡಿಸುತ್ತಿದ್ದಾನೆ.
ಅಶ್ರಫನನ್ನು ಎಬ್ಬಿಸಬೇಕು.
ಇನ್ನೊಂದು ನಿಮಿಷ ಬಿಟ್ಟು.