ಅಚ್ಚು

ಬೇಕೂರಿನ ಜಗಲಿಯಲ್ಲಿ ದೇಯಿ ದೊಡ್ಡಮ್ಮ
ನೆನೆದ ಎಲೆಯ ಮೇಲೆ ತಗಡಿನ ಅಚ್ಚಿಡುತ್ತಾಳೆ,
ಸುತ್ತ ಕತ್ತರಿ ಓಡುತ್ತದೆ.
ಅವಳು ನೋಡುವುದು ಎಲೆಯನ್ನಲ್ಲ, ರಸ್ತೆಯನ್ನು.

ಪೆರಿಯದ ಲ್ಯಾಬಿನಲ್ಲಿ ನನ್ನದೂ ಇಂಥದ್ದೇ ಕೆಲಸ ಎಂದರೆ
ನಂಬುವುದಿಲ್ಲ.
"ಅಲ್ಲಿ ಸಾವಿರಕ್ಕೆ ಎಷ್ಟು ಕೊಡ್ತಾರೆ?"

ಸಾವಿರವಲ್ಲ ದೊಡ್ಡಮ್ಮ, ಲೆಕ್ಕಕ್ಕೆ ಸಿಗದಷ್ಟು.
ಒಂದು ಹನಿಯಲ್ಲಿ ಕೋಟಿ ಕೋಟಿ ಪ್ರೋಟೀನು,
ಪ್ರತಿಯೊಂದರ ಕಂಕುಳಲ್ಲೂ ಒಂದು ಅಚ್ಚು:
ಇಪ್ಪತ್ತೆಂಟು ಅಕ್ಷರದ ಆರ್‌ಎನ್‌ಎ ಚೂರು,
ನಾವೇ ಬರೆದು ಕೊಟ್ಟದ್ದು.
ಎದುರು ಸಿಕ್ಕ ಒಂಟಿ ಎಳೆಗೆಲ್ಲ ತಾಗಿಸಿ ನೋಡುತ್ತದೆ.
ಇದಲ್ಲ. ಇದಲ್ಲ. ಇದೂ ಅಲ್ಲ.
ಜೋಡಿ ಹೆಣೆದುಕೊಂಡದ್ದರ ತಂಟೆಗೆ ಹೋಗುವುದಿಲ್ಲ,
ಒಂಟಿಯಾಗಿ ಅಲೆಯುವುದನ್ನೇ ತಡವುತ್ತದೆ.

"ಬ್ರಾಂಚಿನ ಚೆಕ್ಕರಿನ ಹಾಗೆ."
ಹೌದು, ಸುಮಾರಾಗಿ.

ಡೆಂಗಿಯ ಎಳೆ ಬಂದು ಅಚ್ಚಿಗೆ ಕೂತಿತೋ,
ಅಷ್ಟು ಹೊತ್ತು ದೂರ ದೂರ ಇದ್ದ ಎರಡು ಅಲಗು
ಹತ್ತಿರ ಸರಿಯುತ್ತವೆ; ಆಗಲೇ ಅದು ಕತ್ತರಿ.
ಆಮೇಲೆ ಹಿಡಿಯುವವರಿಲ್ಲ.
ಬಾಯಿ ಹೊರಮೈಯಲ್ಲಿದೆ ನೋಡು,
ಜ್ವರದ್ದೋ ನಮ್ಮ ಮೈಯದ್ದೇ ಎಳೆಯೋ,
ಪಕ್ಕದಲ್ಲಿ ಹಾದದ್ದೆಲ್ಲ ಕಚ ಕಚ.
ಅದು ಗೊತ್ತಿದ್ದೇ ನಾವು
ದೀಪ ಕಟ್ಟಿದ ದಾರದ ತುಂಡುಗಳನ್ನು
ಕೊಳವೆಯೊಳಗೆ ಬಿಟ್ಟಿರುತ್ತೇವೆ.
ದಾರ ತುಂಡಾದರೆ ಹಸಿರು ಏಳುತ್ತದೆ.
ಕೆಟ್ಟ ಚಟವನ್ನೇ ಸಾಕ್ಷಿಗೆ ನಿಲ್ಲಿಸುವುದು ಅಂದರೆ ಇದು.

ತಪ್ಪಿದ್ದರೆ?
ಬಾಲದಲ್ಲಿ ಒಂದಕ್ಷರ ಆಚೀಚೆಯಾದರೆ ನುಂಗಿಕೊಳ್ಳುತ್ತದೆ.
ನಡುವಿನಲ್ಲಿ ತಪ್ಪಿದರೆ ಅಲಗು ಕೂಡುವುದೇ ಇಲ್ಲ.

ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು.
ತಡ್ಪೆಯ ಅಡಿಯಿಂದ ಕಂದು ಲಕೋಟೆ ತೆಗೆದಳು:
ಮೂವತ್ತೊಂದು ವರ್ಷದ ಪಿ.ಎಫ್., ಮೂರನೇ ಸಲ ವಾಪಸು.
ಕಂಪೆನಿಯ ಕನ್ನಡ ಪುಸ್ತಕದಲ್ಲಿ ದೇಯಿ,
ಪಂಚಾಯತಿನ ಮಲಯಾಳ ಹಾಳೆಯಲ್ಲಿ ದೇವಿ.
ಯಾರೋ ಗುಮಾಸ್ತ, ದೇಯಿ ಅಂತಲೂ ಹೆಸರುಂಟೇ ಎಂದುಕೊಂಡು
ತಿದ್ದಿ ದೇವರು ಮಾಡಿಬಿಟ್ಟಿದ್ದಾನೆ.
ಬೆರಳೊತ್ತಿದರೆ ಮಷೀನಿಗೂ ಗುರುತಿಲ್ಲ,
ಎಲೆ ಸುರುಟಿ ಸುರುಟಿ ರೇಖೆಯೇ ಸವೆದಿದೆ.

"ನಿನ್ನ ಆ ಪ್ರಾಣಿ ನನ್ನನ್ನು ಓದೀತೇ ಮಗಾ?"

ನಾನು ಬಾಯಿ ತೆರೆಯುವಷ್ಟರಲ್ಲಿ
ಬೀಡಿಗೆ ಗುಲಾಬಿ ನೂಲು ಎರಡು ಸುತ್ತು ಸುತ್ತಿ
ಪಟ್ಟನೆ ಹರಿದಳು.

ಸೋಮವಾರ. ಕುಂಬಳೆಯಿಂದ ಹನ್ನೊಂದು ಸ್ಯಾಂಪಲ್.
ಏಳನೆಯದು ಹಸಿರು.
ಹೆಸರು ಟೈಪಿಸುವ ಮುಂಚೆ ಆಸ್ಪತ್ರೆಗೆ ಫೋನು ಮಾಡಿದೆ:
ಹುಡುಗಿ ಬೀಫಾತಿಮಾಳೋ, ಬಿ. ಫಾತಿಮಾಳೋ?
ನರ್ಸಿಗೆ ಸಿಟ್ಟು. "ಏನಾದರೂ ಬರೀರಿ, ಜ್ವರ ಒಂದೇ ಅಲ್ವಾ?"
ಹೋಗಿ ಅವಳನ್ನೇ ಕೇಳಿ ಬನ್ನಿ, ಎಂದೆ.
ಕಾಯುತ್ತೇನೆ.

ಫೋನಿನೊಳಗೆ ವಾರ್ಡಿನ ಕೆಮ್ಮು, ಚಪ್ಪಲಿಯ ಸದ್ದು.
ಐದೂ ಇಪ್ಪತ್ತರ ರೈಲು ಹೋಯಿತು.