ತಡವಾಗಿ ಬಂದದ್ದು

ಬಿದಿರಕಟ್ಟೆ ಕೆರೆ, ತೂಬಿನ ಹತ್ತಿರ, ಬೆಳಿಗ್ಗೆ ಏಳೂಕಾಲು.
ಗಫಾರ್ ಸಾಬರು ಲುಂಗಿ ಮೇಲೆತ್ತಿ ಕಟ್ಟಿ ನೀರಿಗಿಳಿದು
ಕಂದು ಬಾಟಲಿಯ ಮೂತಿ ಮುಳುಗಿಸಿದರು.
ಗುಳುಗುಳು ಎಂದು ಗಾಳಿ ಜಾಗ ಬಿಟ್ಟುಕೊಟ್ಟಿತು.
ಮೊದಲ ಸಲದ್ದು ಚೆಲ್ಲಿ. ಎರಡನೆಯದೂ ಚೆಲ್ಲಿ.
ಮೂರನೆಯದು ನನ್ನದು.

ಕಾಫಿ ಪಲ್ಪಿಂಗ್ ಶುರುವಾಗಿ ಹದಿನೈದು ದಿನ.
ನೀರಿಗೆ ನಾಲ್ಕನೇ ಸಲ ಸೋಸಿದ ಡಿಕಾಕ್ಷನ್ನಿನ ಬಣ್ಣ,
ತಿಂಗಳ ಕೊನೆಗೆ ನೆಂಟರು ಬಂದಾಗಿನ ಬಣ್ಣ.
"ಕುಡೀಬೋದಾ ಮೇಡಂ?"
ನೋಡಿ ಹೇಳ್ತೀನಿ ಅಂದೆ, ಹೋದ ವರ್ಷ ಅಂದ ಹಾಗೇ.

ಜ್ಯೋತಿನಗರದ ಲ್ಯಾಬು. ಮೊದಲು ಬಿಳಿ ಬಿಲ್ಲೆಯಲ್ಲಿ ಸೋಸುತ್ತೇನೆ,
ತೂತು ಮೈಕ್ರಾನಿನ ಅರ್ಧಕ್ಕೂ ಕಡಿಮೆ.
ಮೇಲೆ ನಿಂತದ್ದು ಕೆಸರು, ಕೆಳಗಿಳಿದದ್ದು ಕರಗಿದ್ದು:
ಯಾರೋ ಎಂದೋ ನೆಟ್ಟ ಸರ್ವೆ ಕಲ್ಲು.
ನೀರಿಗೆ ಗೊತ್ತಿಲ್ಲ ಆ ಗಡಿ.

ಆಮೇಲೆ ಕಾಲಂ. ಗೇಣಿಗಿಂತ ತುಸು ಉದ್ದದ ಉಕ್ಕಿನ ಕೊಳವೆ,
ಒಳಗೆ ಕೋಟಿ ಮಣಿ, ಮಣಿಮಣಿಗೂ ತೂತು.
ಸೂಜಿಯಿಂದ ಎರಡು ಹನಿ ಕೆರೆ.

ದೊಡ್ಡದು ಮೊದಲು ಬರುತ್ತದೆ, ಚಿಕ್ಕದು ಆಮೇಲೆ.
ಇದನ್ನು ಹೇಳಿದಾಗ ನಮ್ಮತ್ತೆ ಒಪ್ಪಲಿಲ್ಲ.
ಐವತ್ತು ವರ್ಷ ರಾಗಿ ಹಿಟ್ಟು ವಂದರಿಯಾಡಿದ ಕೈ ಅದು.
"ಸಣ್ಣದು ಮುಂಚೆ ಬೀಳತ್ತೆ, ದಪ್ಪಂದು ಮೇಲೆ ಉಳಿಯತ್ತೆ.
ಮಿಷನ್ನು ತಲೆಕೆಳಗೆ ಇಟ್ಟಿದ್ದೀಯ ನೋಡ್ಕೊ."
ದೊಡ್ಡದಕ್ಕೆ ಯಾವ ತೂತೂ ಸಾಲದು, ನೆಟ್ಟಗೆ ನಡೆದುಬಿಡತ್ತೆ,
ಸಣ್ಣದು ಸಿಕ್ಕ ಸಿಕ್ಕಲ್ಲಿ ಹೊಕ್ಕು ಹೊರಡತ್ತೆ, ಅಂದೆ.
ಅವರೆಕಾಯಿ ಸುಲಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹಾಗನ್ನು. ಜರಡಿ ಅಂತ ಯಾಕಂದೆ? ಅದು ಬೀದಿ.
ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಸೀದಾ ಮನೆಗೆ,
ಮಕ್ಕಳು ಮನೆಮನೆ ಹೊಕ್ಕು, ದೀಪ ಹಚ್ಚೋ ಹೊತ್ತಿಗೆ."

ಹನ್ನೆರಡನೇ ನಿಮಿಷ. ಪರದೆಯ ಮೇಲೊಂದು ಗುಡ್ಡ:
ಕೊಳೆತ ಎಲೆ, ಬೇರು, ಯಾವ ಕಾಲದ್ದೋ ತೊಗಟೆ,
ಸಾವಿರಾರು ಡಾಲ್ಟನ್.
ಅದರ ಹೆಗಲಿಗೆ ಇನ್ನೊಂದು, ಕೈಮರದಿಂದ
ಬೆಟ್ಟದ ಸಾಲು ಕಂಡ ಹಾಗೆ. ನಮಗೆ ಬೇರೆ ಹೋಲಿಕೆ ಬರುವುದಿಲ್ಲ.
ನಡುವೆ ಸಕ್ಕರೆಗಳೂ ದಾಟಿರಬೇಕು;
ಬೆಳಕು ನುಂಗದವರ ಹೆಸರು ಈ ಯಂತ್ರ ಬರೆದುಕೊಳ್ಳುವುದಿಲ್ಲ.
ತೂಕ ಗೊತ್ತಿರುವ ನಾಲ್ಕು ಬಾಟಲಿಗೆ ಹೋಲಿಸಿ
ಕೆರೆಗೆ ತೂಕ ಕಟ್ಟುತ್ತೇನೆ. ಅಂದಾಜು. ಸಹಿ ಹಾಕುತ್ತೇನೆ.

ಇಪ್ಪತ್ತನಾಲ್ಕಕ್ಕೆ ಉಪ್ಪೂ ಹೋಯಿತು.
ಇನ್ನು ಯಾರೂ ಇಲ್ಲವೆಂದು ಪಂಪಿಗೆ ಕೈ ಚಾಚಿದಾಗ
ಮೂವತ್ತೊಂದರಲ್ಲಿ ಗೆರೆ ಸಣ್ಣಗೆ ಉಸಿರೆಳೆದುಕೊಂಡಿತು.
ಲೆಕ್ಕದ ಪ್ರಕಾರ ಇದು ಉಪ್ಪಿಗಿಂತ ಚಿಕ್ಕದು.
ಸಾಧ್ಯವೇ ಇಲ್ಲ.
ಮಣಿಯ ಮೈಗೆ ಅಂಟಿ ನಿಂತಿತ್ತು,
ಬಿಟ್ಟು ಬರಲು ಮನಸ್ಸಾಗದೆ.
ತಡವಾದದ್ದನ್ನೆಲ್ಲ ಚಿಕ್ಕದೆಂದು ಓದುತ್ತೇವೆ ನಾವು.

ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಗಫಾರ್ ಸಾಬರ ಫೋನು ಎರಡು ಸಲ ಬಂತು.
ಕ್ಲೋರಿನ್ ಎಷ್ಟು ಹಾಕಬೇಕು, ಹೇಳುತ್ತೇನೆ, ನಾಳೆ.
ಪಂಪು ಇನ್ನೊಂದಿಷ್ಟು ಓಡಲಿ.
ಮನೆಗೆ ಫೋನ್ ಮಾಡಿ, ಇವತ್ತು ತಡ ಆಗತ್ತೆ ಅಂದೆ.
"ಯಾವ ಮನೆ ಹೊಕ್ಕಿದ್ದೀಯೇ?" ಅಂದರು ಅತ್ತೆ.